ಕೇಸರಿ ಡಬ್ಬಿಯ ಮೇಲಿರುವ ಮಾತು, ಅಲ್ಲಿಲ್ಲದ ನಂಬರ್

ವೈಟ್‌ಫೀಲ್ಡಿನ ಅಪಾರ್ಟ್‌ಮೆಂಟಿಗೆ ಹತ್ತು ನಿಮಿಷದಲ್ಲಿ ಡೆಲಿವರಿ ಆಗುವ ಒಂದು ಗ್ರಾಂ ಕೇಸರಿ ಡಬ್ಬಿ, ಪೀಣ್ಯ ಎರಡನೇ ಹಂತದ ಮೆಡಿಕಲ್ ಶಾಪಿನಲ್ಲಿ ಗ್ಲೂಕೋಸ್ ಪುಡಿಯ ಪಕ್ಕ ಕೂತಿರುವ ಅರ್ಧ ಗ್ರಾಂ ಡಬ್ಬಿ, ಎರಡರ ಮೇಲೂ ಹೆಚ್ಚುಕಡಿಮೆ ಒಂದೇ ಮಾತು ಬರೆದಿರುತ್ತೆ: ಆಂಟಿಆಕ್ಸಿಡೆಂಟ್‌ಗಳ ಆಗರ. ಕೊಳ್ಳುವವರ ಕಾರಣ ಮಾತ್ರ ಬೇರೆ ಬೇರೆ. ಅಪಾರ್ಟ್‌ಮೆಂಟಿನವರು ಇಮ್ಯೂನಿಟಿ, ಸ್ಟ್ರೆಸ್, ಗ್ಲೋ ಅಂತಾರೆ. ಗಾರ್ಮೆಂಟ್ ಶಿಫ್ಟ್ ಮುಗಿಸಿ ಬಂದ ಹೆಣ್ಣುಮಗಳು ಅಷ್ಟು ಸುತ್ತಿ ಬಳಸಿ ಹೇಳೋದಿಲ್ಲ. ಐದು ತಿಂಗಳಾಗಿದೆ, ಅತ್ತೆ ಹೇಳಿದ್ದಾರೆ, ಹಾಲಿಗೆ ಹಾಕಿ ಕುಡಿದರೆ ಮಗು ಬೆಳ್ಳಗೆ ಹುಟ್ಟುತ್ತಂತೆ.

ಶೀರ್ಷಿಕೆಯಲ್ಲಿ ಕೇಸರಿ ನೋಡಿ ಪಕ್ಷ ರಾಜಕಾರಣದ ಲೇಖನ ಅಂದ್ಕೊಂಡು ಒಳಗೆ ಬಂದಿದ್ದರೆ, ಇದು ಅಡುಗೆಮನೆಯ ಕೇಸರಿ. (ಅದು ನೀರಿಗೆ ಬಿಡೋದು ಹಳದಿ ಬಣ್ಣ ಅನ್ನೋದು ಬೇರೆ ಮಾತು.) ಆದರೆ ರಾಜಕೀಯ ಇಲ್ಲೂ ಇದೆ. ಯಾವ ಮೈಬಣ್ಣವನ್ನು ಚೆಂದ ಅಂತೀವಿ, ಯಾರ ದುಡಿಮೆಯ ಕಾಸು ಯಾವ ಭರವಸೆಗೆ ಖರ್ಚಾಗುತ್ತೆ, ಆ ಭರವಸೆಯನ್ನು ಯಾರಾದರೂ ಅಳೆದಿದ್ದಾರಾ ಅನ್ನೋದೆಲ್ಲ ರಾಜಕೀಯವೇ. ನಾನು ಇಂಜಿನಿಯರಿಂಗ್ ಓದಿ ಈ ಕಡೆ ಬಂದವನು. ಯಾರಾದರೂ 'ತುಂಬಾ ಇದೆ' ಅಂದರೆ 'ಎಷ್ಟು, ಯಾವ ಯೂನಿಟ್‌ನಲ್ಲಿ?' ಅಂತ ಕೇಳುವ ಚಾಳಿ ಇನ್ನೂ ಹೋಗಿಲ್ಲ. ಕೇಸರಿಯ ವಿಷಯದಲ್ಲಿ ಈ ಪ್ರಶ್ನೆಗೆ ಒಂದು ಕಡೆ ಖಡಕ್ ಉತ್ತರ ಇದೆ, ಇನ್ನೊಂದು ಕಡೆ ಇಲ್ಲ. ತಮಾಷೆ ಏನಂದ್ರೆ, ಉತ್ತರ ಇರುವ ಭಾಗವನ್ನು ಡಬ್ಬಿಯ ಮೇಲೆ ಸಾಮಾನ್ಯವಾಗಿ ಹಾಕೋದಿಲ್ಲ.

ನಲವತ್ತು ಕಾರ್ಬನ್‌ನ ಲೆಕ್ಕ

ಕೇಸರಿ ಅಂದರೆ ಕ್ರೋಕಸ್ ಸಟೈವಸ್ ಅನ್ನುವ ನೇರಳೆ ಹೂವಿನ ಒಳಗಿನ ಮೂರು ಕೆಂಪು ಎಳೆ, ಸಸ್ಯಶಾಸ್ತ್ರದ ಪುಸ್ತಕದಲ್ಲಿ ಶಲಾಕಾಗ್ರ ಅಂತ ಓದಿದ್ದೀವಲ್ಲ, ಅದು. ಒಂದು ಕಿಲೋ ಒಣ ಕೇಸರಿಗೆ ಸುಮಾರು 1.5 ಲಕ್ಷ ಹೂವು ಬೇಕು. ಭಾಗಿಸಿ ನೋಡಿ: ಒಂದು ಹೂವಿನಿಂದ ಸಿಗೋದು 7 ಮಿಲಿಗ್ರಾಂಗಿಂತ ಸ್ವಲ್ಪ ಕಡಿಮೆ, ಒಂದು ಎಳೆಯ ತೂಕ 2 ಮಿಲಿಗ್ರಾಂ ಚಿಲ್ಲರೆ. ಈ ಸಂಖ್ಯೆ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಗಿಡದ ಕ್ರೋಮೋಸೋಮುಗಳು ಮೂರು ಮೂರರ ಜೊತೆಯಲ್ಲಿರೋದರಿಂದ ಬೀಜ ಕಟ್ಟೋದಿಲ್ಲ. ಗೆಡ್ಡೆಯಿಂದಲೇ ಗೆಡ್ಡೆ. ಇಲೆಕ್ಟ್ರಾನಿಕ್ ಸಿಟಿ ಕಡೆಯ ವಾಟ್ಸಾಪ್ ಗ್ರೂಪುಗಳಲ್ಲಿ 'ಒಂದು ರೂಮಿನಲ್ಲಿ ಕೇಸರಿ ಬೆಳೆದು ಲಕ್ಷ ಗಳಿಸಿ' ಅನ್ನುವ ತರಬೇತಿಯ ಜಾಹೀರಾತು ನೋಡಿದವರಿಗೆ ಇಷ್ಟು ಹೇಳಬೇಕು. ಗೆಡ್ಡೆಯಲ್ಲಿ ಕೂಡಿಟ್ಟ ಆಹಾರದಿಂದಲೇ ಹೂ ಬರೋದರಿಂದ ಮಣ್ಣಿಲ್ಲದ ಟ್ರೇನಲ್ಲೂ ಅರಳುತ್ತೆ, ಅದರಲ್ಲಿ ಸುಳ್ಳಿಲ್ಲ. ಆದರೆ ಮರುವರ್ಷದ ಗೆಡ್ಡೆ ಬೆಳೆಯಬೇಕಾದರೆ ಎಲೆ ಬರಬೇಕು, ಬೆಳಕು ಬೇಕು, ಪೋಷಕಾಂಶ ಬೇಕು. ಎಸಿ ರೂಮಿನಲ್ಲಿ ಆ ಭಾಗ ಕೈಕೊಟ್ಟರೆ ಮುಂದಿನ ಸಲ ಗೆಡ್ಡೆಯನ್ನು ಮತ್ತೆ ದುಡ್ಡು ಕೊಟ್ಟು ತರಿಸಬೇಕು. ಲಕ್ಷದ ಲೆಕ್ಕ ಹಾಕುವಾಗ ಈ ಸಾಲು ಸೇರಿಸಿಕೊಳ್ಳಿ.

ಈಗ ಎಳೆಯೊಳಗೆ ಹೋಗೋಣ. ಮುಸುಕಿನ ಜೋಳದ ಹಳದಿ ಬಣ್ಣಕ್ಕೆ ಕಾರಣವಾದ ಒಂದು ಅಣು ಇದೆ, ಹೆಸರು ಜಿಯಾಕ್ಸಾಂಥಿನ್. ಕ್ಯಾರೆಟ್ಟಿನ ಬೀಟಾ ಕ್ಯಾರೊಟಿನ್‌ನ ದಾಯಾದಿ. 40 ಕಾರ್ಬನ್‌ಗಳ ಉದ್ದನೆಯ ಸರಪಳಿ. ಕೇಸರಿ ಹೂವಿನಲ್ಲಿ ಒಂದು ಕಿಣ್ವ ಬಂದು ಈ ಸರಪಳಿಯನ್ನು ಎರಡೂ ತುದಿಯ ಹತ್ತಿರ ಕತ್ತರಿಸುತ್ತೆ. 10, 20, 10. ಮಧ್ಯದ 20 ಕಾರ್ಬನ್ ತುಂಡಿನಿಂದ ಆಗೋದು ಕ್ರೋಸಿಟಿನ್. ಅದರ ಎರಡೂ ತುದಿಗೆ ಸಕ್ಕರೆ ಅಂಟಿಕೊಂಡರೆ ಕ್ರೋಸಿನ್, ಅಂದರೆ ಕೇಸರಿಯ ಬಣ್ಣ. ಪಕ್ಕದ 10 ಕಾರ್ಬನ್ ತುಂಡಿಗೆ ಗ್ಲೂಕೋಸ್ ಸೇರಿದರೆ ಪಿಕ್ರೋಕ್ರೋಸಿನ್, ಅದು ಕೇಸರಿಯ ಸಣ್ಣ ಕಹಿ. ಎಳೆಯನ್ನು ಒಣಗಿಸುವಾಗ ಪಿಕ್ರೋಕ್ರೋಸಿನ್ ಒಡೆದು, ಗ್ಲೂಕೋಸ್ ಕಳಚಿಕೊಂಡು ಸಾಫ್ರನಾಲ್ ಆಗುತ್ತೆ, ಅದು ವಾಸನೆ. ಬಣ್ಣ, ರುಚಿ, ಪರಿಮಳ ಮೂರೂ ಒಂದೇ ಸರಪಳಿಯ ತುಂಡುಗಳು. ಹೂವಿನಿಂದ ಆಗತಾನೆ ಬಿಡಿಸಿದ ಎಳೆಗೆ ನಮಗೆ ಪರಿಚಯವಿರುವ ಆ ವಾಸನೆ ಹೆಚ್ಚು ಇರೋದಿಲ್ಲ ಅನ್ನೋದಕ್ಕೆ ಕಾರಣ ಇದೇ. ಘಮ ಹುಟ್ಟೋದು ಒಣಗಿಸುವವರ ಕೈಯಲ್ಲಿ.

ಕ್ರೋಸಿನ್‌ನ ವಿಶೇಷ ಅಂದರೆ ಅದು ನೀರಿನಲ್ಲಿ ಕರಗುತ್ತೆ. ಅದರ ಬಂಧುಗಳಲ್ಲಿ ಬಹುತೇಕ ಎಲ್ಲವಕ್ಕೂ ಕೊಬ್ಬು ಬೇಕು. ಕ್ಯಾರೆಟ್ ಪಲ್ಯಕ್ಕೆ ಒಗ್ಗರಣೆ ಹಾಕಿದಾಗ ಎಣ್ಣೆ ಕಿತ್ತಳೆಯಾಗೋದು ಅದಕ್ಕೇ. ಕ್ರೋಸಿನ್‌ಗೆ ತುದಿಯ ಸಕ್ಕರೆಗಳು ಇರೋದರಿಂದ ಬಿಸಿನೀರು, ಹಾಲು ಸಾಕು. ಮಧ್ಯದ ಸರಪಳಿಯಲ್ಲಿ ಒಂದು ಬಿಟ್ಟು ಒಂದರಂತೆ ಏಳು ಡಬಲ್ ಬಾಂಡ್ ಇವೆ. ಅವು 440 ನ್ಯಾನೊಮೀಟರ್ ಆಸುಪಾಸಿನ ನೀಲಿ ಬೆಳಕನ್ನು ನುಂಗುತ್ತವೆ, ಉಳಿದದ್ದು ನಮ್ಮ ಕಣ್ಣಿಗೆ ಹಳದಿ.

ಇದೇ ಬಣ್ಣ ನಮ್ಮ ಅಂಗಳದಲ್ಲೂ ಇದೆ. ಬೆಳಗ್ಗೆ ನೆಲದ ಮೇಲೆ ಬಿದ್ದಿರುವ ಪಾರಿಜಾತದ ಬಿಳಿ ದಳದ ಕೆಳಗೆ ಕಿತ್ತಳೆ ತೊಟ್ಟು ಇರುತ್ತಲ್ಲ, ಅದರಲ್ಲಿರೋದೂ ಕ್ರೋಸಿಟಿನ್‌ನಿಂದ ಆದ ಬಣ್ಣವೇ. ಹಿಂದೆ ರೇಷ್ಮೆಗೆ ಬಣ್ಣ ಕಟ್ಟಲು ಅದನ್ನು ಬಳಸುತ್ತಿದ್ದರು. ಪರಿಮಳ, ರುಚಿಯ ವಿಷಯದಲ್ಲಿ ಅದು ಕೇಸರಿ ಅಲ್ಲ, ಹಾಗಂತ ಪಾರಿಜಾತದ ತೊಟ್ಟನ್ನು ಹಾಲಿಗೆ ಹಾಕಲು ಹೋಗಬೇಡಿ. ಆದರೆ ಗ್ರಾಂಗೆ ನೂರಾರು ರೂಪಾಯಿಯ ಈ ಬಣ್ಣ ದೇವಲೋಕದ ರಹಸ್ಯವೇನಲ್ಲ ಅನ್ನೋದಂತೂ ತಿಳಿಯಿತು.

ಟೆಸ್ಟ್‌ಟ್ಯೂಬಿನಲ್ಲಿ ಗೆದ್ದದ್ದು ರಕ್ತದಲ್ಲಿ ಗೆಲ್ಲುತ್ತಾ?

ಆಂಟಿಆಕ್ಸಿಡೆಂಟ್ ಅನ್ನುವ ಪದವನ್ನು ಒಂದು ಸಲ ಬಿಚ್ಚಿ ನೋಡೋಣ. ನಮ್ಮ ಜೀವಕೋಶಗಳು ಆಮ್ಲಜನಕ ಬಳಸಿ ಶಕ್ತಿ ಉತ್ಪಾದಿಸುವಾಗ ಕೆಲವು ಅಣುಗಳು ಜೊತೆಯಿಲ್ಲದ ಒಂಟಿ ಎಲೆಕ್ಟ್ರಾನ್ ಹೊತ್ತು ಹೊರಬರುತ್ತವೆ. ಅವೇ ಫ್ರೀ ರಾಡಿಕಲ್ಸ್. ಪಕ್ಕದಲ್ಲಿ ಸಿಕ್ಕ ಕೊಬ್ಬು, ಪ್ರೋಟೀನ್, ಡಿಎನ್ಎಯಿಂದ ಎಲೆಕ್ಟ್ರಾನ್ ಕಿತ್ತುಕೊಳ್ಳುತ್ತವೆ. ತನ್ನ ಎಲೆಕ್ಟ್ರಾನ್ ಕೊಟ್ಟು ಅಥವಾ ಆ ರಾಡಿಕಲ್ ಜೊತೆ ತಾನೇ ಸೇರಿಕೊಂಡು ಈ ಸರಣಿಯನ್ನು ನಿಲ್ಲಿಸುವ ಯಾವ ಅಣುವಾದರೂ ಆಂಟಿಆಕ್ಸಿಡೆಂಟ್. ಅದು ಒಂದು ಕೆಲಸದ ಹೆಸರು, ಒಂದು ವಸ್ತುವಿನ ಹೆಸರಲ್ಲ.

ಕ್ರೋಸಿನ್, ಕ್ರೋಸಿಟಿನ್, ಸಾಫ್ರನಾಲ್ ಈ ಕೆಲಸ ಮಾಡುತ್ತವಾ? ಮಾಡುತ್ತವೆ. ಲ್ಯಾಬಿನಲ್ಲಿ ಡಿಪಿಪಿಎಚ್ ಅನ್ನುವ ನೇರಳೆ ಬಣ್ಣದ ರಾಡಿಕಲ್ ದ್ರಾವಣಕ್ಕೆ ಕೇಸರಿಯ ಸಾರ ಹಾಕಿದರೆ ನೇರಳೆ ಮಾಸುತ್ತೆ. ಎಷ್ಟು ಮಾಸಿತು ಅನ್ನೋದನ್ನು 517 ನ್ಯಾನೊಮೀಟರ್‌ನಲ್ಲಿ ಅಳೆದು ಶೇಕಡಾವಾರು ಬರೆಯುತ್ತಾರೆ. ಈ ವಿಷಯದ ಸಂಶೋಧನಾ ಪ್ರಬಂಧಗಳಲ್ಲಿ ದೊಡ್ಡ ಪಾಲು ಈ ಬಗೆಯದು. ತಪ್ಪೇನಿಲ್ಲ, ಆದರೆ ಅದೇ ಪರೀಕ್ಷೆಯಲ್ಲಿ ಟೀ, ಕಾಫಿ, ನೆಲ್ಲಿಕಾಯಿ, ರಾಗಿ ಹೊಟ್ಟಿನ ಸಾರ ಎಲ್ಲವೂ ಪಾಸಾಗುತ್ತವೆ. ಮೈಸೂರಿನ ಸಿಎಫ್‌ಟಿಆರ್‌ಐ ವಿಜ್ಞಾನಿಗಳು ರಾಗಿಯ ಪಾಲಿಫಿನಾಲ್‌ಗಳ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಅವು ಹೆಚ್ಚಾಗಿ ಕಾಳಿನ ಹೊರಪದರದಲ್ಲಿವೆ. ರಾಗಿ ಹಿಟ್ಟಿನ ಪ್ಯಾಕೆಟ್ಟನ್ನು ಮಾತ್ರ ಯಾರೂ ಮಖಮಲ್ ಡಬ್ಬಿಯಲ್ಲಿಟ್ಟು ಮಾರೋದಿಲ್ಲ.

ದೇಹದ ಒಳಗೆ ಕಥೆ ಬದಲಾಗುತ್ತೆ. ಬಾಯಲ್ಲಿ ಸೇವಿಸಿದ ಕ್ರೋಸಿನ್ ಹಾಗೇ ರಕ್ತಕ್ಕೆ ಹೋಗೋದಿಲ್ಲ. ಕರುಳಿನಲ್ಲಿ ಸಕ್ಕರೆ ಕಳಚಿ ಕ್ರೋಸಿಟಿನ್ ಆಗಿ ಹೀರಲ್ಪಡುತ್ತೆ. ಅಂದರೆ ಟೆಸ್ಟ್‌ಟ್ಯೂಬಿನಲ್ಲಿ ಪರೀಕ್ಷಿಸಿದ ಅಣು ಒಂದು, ರಕ್ತದಲ್ಲಿ ಓಡಾಡುವ ಅಣು ಇನ್ನೊಂದು. ಜೊತೆಗೆ ದೇಹಕ್ಕೆ ತನ್ನದೇ ಆದ ರಕ್ಷಣಾ ಕಿಣ್ವಗಳಿವೆ, ಫ್ರೀ ರಾಡಿಕಲ್‌ಗಳನ್ನು ರೋಗಾಣು ಕೊಲ್ಲಲು, ಸಂದೇಶ ಕಳಿಸಲು ಬಳಸಿಕೊಳ್ಳುವ ವ್ಯವಸ್ಥೆಯೂ ಇದೆ. 'ಹೆಚ್ಚು ಆಂಟಿಆಕ್ಸಿಡೆಂಟ್ ಇದ್ದಷ್ಟೂ ಒಳ್ಳೇದು' ಅನ್ನೋದು ಸರಳ ಸಮೀಕರಣದಂತೆ ಕಾಣುತ್ತೆ, ಆದರೆ ಆ ಸಮೀಕರಣ ಒಮ್ಮೆ ಭಾರಿ ಬೆಲೆ ಕೇಳಿದೆ. ಫಿನ್‌ಲ್ಯಾಂಡಿನಲ್ಲಿ ಸಿಗರೇಟು ಸೇದುವ ಗಂಡಸರಿಗೆ ವರ್ಷಗಟ್ಟಲೆ ದಿನಕ್ಕೆ 20 ಮಿಲಿಗ್ರಾಂ ಬೀಟಾ ಕ್ಯಾರೊಟಿನ್ ಕೊಟ್ಟರು, ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯಾಗಲಿ ಅಂತ. 1994ರಲ್ಲಿ ಫಲಿತಾಂಶ ಬಂತು: ಕ್ಯಾನ್ಸರ್ ಶೇ. 18ರಷ್ಟು ಹೆಚ್ಚಾಗಿತ್ತು. ಅಮೆರಿಕದಲ್ಲಿ ನಡೆಯುತ್ತಿದ್ದ ಅಂಥದ್ದೇ ಪ್ರಯೋಗವನ್ನು 1996ರಲ್ಲಿ ಅರ್ಧಕ್ಕೇ ನಿಲ್ಲಿಸಿದರು. ಕೇಸರಿ ತಿಂದರೆ ಹಾಗಾಗುತ್ತೆ ಅಂತ ನಾನು ಹೇಳ್ತಿಲ್ಲ. ಹೇಳ್ತಿರೋದು ಇಷ್ಟೇ, ಟೆಸ್ಟ್‌ಟ್ಯೂಬಿನ ಗೆಲುವನ್ನು ಮನುಷ್ಯರಿಗೆ ವರ್ಗಾಯಿಸೋಕೆ ಮಧ್ಯೆ ಪ್ರಯೋಗ ಬೇಕು. ಅಮೆರಿಕದ ಕೃಷಿ ಇಲಾಖೆ ಆಹಾರಗಳ 'ಆಂಟಿಆಕ್ಸಿಡೆಂಟ್ ಸ್ಕೋರ್' ಪಟ್ಟಿಯನ್ನೇ 2012ರಲ್ಲಿ ತನ್ನ ವೆಬ್‌ಸೈಟಿನಿಂದ ತೆಗೆದುಹಾಕಿತು. ಆ ಸಂಖ್ಯೆಗಳಿಗೂ ಆರೋಗ್ಯಕ್ಕೂ ನೇರ ಸಂಬಂಧವಿಲ್ಲ, ಕಂಪನಿಗಳು ಅದನ್ನು ಮಾರಾಟಕ್ಕೆ ದುರುಪಯೋಗ ಮಾಡುತ್ತಿವೆ ಅನ್ನೋದು ಕಾರಣ.

ಕೇಸರಿಯ ಮೇಲೆ ಮನುಷ್ಯರ ಪ್ರಯೋಗಗಳು ಇಲ್ಲವೇ ಇಲ್ಲ ಅಂತಲ್ಲ. ಟೆಹ್ರಾನಿನ ಸಂಶೋಧಕರು 2004-05ರ ಸುಮಾರಿಗೆ ಖಿನ್ನತೆಯ ಮೇಲೆ ಮಾಡಿದ ಪ್ರಯೋಗಗಳು ಹೆಚ್ಚು ಚರ್ಚೆಯಾದವು. 30-40 ಜನ, ಆರು ವಾರ, ದಿನಕ್ಕೆ 30 ಮಿಲಿಗ್ರಾಂ ಕೇಸರಿ ಸಾರದ ಕ್ಯಾಪ್ಸೂಲ್. ಖಾಲಿ ಕ್ಯಾಪ್ಸೂಲಿಗಿಂತ ಪರಿಣಾಮ ಚೆನ್ನಾಗಿತ್ತು ಅಂತ ವರದಿ. ಆಮೇಲೆ ಬಂದ ಪ್ರಯೋಗಗಳಲ್ಲೂ ಆಶಾದಾಯಕ ಸೂಚನೆಗಳಿವೆ. ನನ್ನ ಪ್ರಕಾರ ಕೇಸರಿಯ ಕುರಿತ ಅತ್ಯಂತ ಕುತೂಹಲದ ವಿಜ್ಞಾನ ಇಲ್ಲಿದೆ, ಚರ್ಮದ ಗ್ಲೋನಲ್ಲಿ ಅಲ್ಲ. ಆದರೆ ಪ್ರಯೋಗಗಳು ಚಿಕ್ಕವು, ಅವಧಿ ಕಡಿಮೆ. ಡಾಕ್ಟರ್ ಬರೆದುಕೊಟ್ಟ ಮಾತ್ರೆ ಬಿಟ್ಟು ಕೇಸರಿ ಹಾಲಿಗೆ ಇಳಿಯುವಷ್ಟು ಪುರಾವೆ ಇದಲ್ಲ.

ಆಗ ಹೇಳಿದ ಎಳೆಯ ತೂಕ ಈಗ ತೆಗೀರಿ. ಸಾರವನ್ನು ಬಿಟ್ಟು ಬರೀ ಎಳೆಯೇ ಅಂತ ಲೆಕ್ಕ ಹಿಡಿದರೂ 30 ಮಿಲಿಗ್ರಾಂಗೆ ದಿನಕ್ಕೆ ಹದಿಮೂರು ಹದಿನಾಲ್ಕು ಎಳೆ ಬೇಕು. ನಾವು ಹಾಲಿಗೆ ಹಾಕೋದು ಮೂರೋ ನಾಲ್ಕೋ. ನಾಲ್ಕು ಎಳೆ ಅಂದರೆ 9 ಮಿಲಿಗ್ರಾಂ. ಒಳ್ಳೆ ಕೇಸರಿಯಲ್ಲಿ ಕ್ರೋಸಿನ್ ಕಾಲು ಭಾಗ ಅಂತ ಧಾರಾಳವಾಗಿ ಹಿಡಿದರೂ 2 ಮಿಲಿಗ್ರಾಂ ಚಿಲ್ಲರೆ. ಆಂಟಿಆಕ್ಸಿಡೆಂಟ್‌ಗೋಸ್ಕರವೇ ಕುಡಿಯೋದಾದರೆ, ಒಂದು ಲೋಟ ಫಿಲ್ಟರ್ ಕಾಫಿಯಲ್ಲಿ ಕ್ಲೋರೋಜೆನಿಕ್ ಆಮ್ಲ ಒಂದೇ ಹತ್ತಾರು ಮಿಲಿಗ್ರಾಂ ಇರುತ್ತೆ. ದರ್ಶಿನಿ ಕೌಂಟರಿನಲ್ಲಿ ನಿಂತು ನೀವು ಅದನ್ನು ಇಪ್ಪತ್ತು ರೂಪಾಯಿಗೋ ಏನೋ ಕುಡಿದಿರುತ್ತೀರಿ.

ಅಳೆಯಬಹುದಾದ ನಂಬರ್

ಹಾಗಾದರೆ ಖಡಕ್ ಉತ್ತರ ಇರುವ ಭಾಗ ಯಾವುದು? ಬಣ್ಣದ ಬಲ. ಐಎಸ್‌ಒ 3632 ಅನ್ನುವ ಅಂತಾರಾಷ್ಟ್ರೀಯ ಮಾನದಂಡ ಕೇಸರಿಯನ್ನು ಮೂರು ದರ್ಜೆಗೆ ವಿಂಗಡಿಸುತ್ತೆ. ವಿಧಾನ ಸರಳ: ಕೇಸರಿ ಪುಡಿಯನ್ನು ನೀರಿನಲ್ಲಿ ನೆನೆಸಿ, ಸೋಸಿ, ಸ್ಪೆಕ್ಟ್ರೊಫೋಟೋಮೀಟರಿನಲ್ಲಿಟ್ಟು ಮೂರು ಕಡೆ ಬೆಳಕು ಹಾಯಿಸಬೇಕು. 440 ನ್ಯಾನೊಮೀಟರಿನಲ್ಲಿ ಕ್ರೋಸಿನ್, 257ರಲ್ಲಿ ಪಿಕ್ರೋಕ್ರೋಸಿನ್, 330ರಲ್ಲಿ ಸಾಫ್ರನಾಲ್. ಎಷ್ಟು ಬೆಳಕು ಹೀರಿತು ಅನ್ನೋದನ್ನು ಶೇ. 1ರ ದ್ರಾವಣಕ್ಕೆ ಲೆಕ್ಕ ಹಾಕುತ್ತಾರೆ. ಬಣ್ಣದ ಸಂಖ್ಯೆ ಕನಿಷ್ಠ 200 ಇದ್ದರೆ ಮೊದಲ ದರ್ಜೆ, 170 ಇದ್ದರೆ ಎರಡನೆಯದು, 120 ಇದ್ದರೆ ಮೂರನೆಯದು. ರುಚಿಗೆ ಅದೇ ಕ್ರಮದಲ್ಲಿ 70, 55, 40. ಎಳೆಯಲ್ಲಿ ತೇವಾಂಶ ಶೇ. 12 ಮೀರಬಾರದು. ಬಣ್ಣ ಹೆಚ್ಚು ಅಂದರೆ ತೂಕಕ್ಕೆ ಕೊಟ್ಟ ಕಾಸು ದಕ್ಕಿತು ಅಂತ.

ಪೀಣ್ಯದ ಒಂದು ಟೆಸ್ಟಿಂಗ್ ಲ್ಯಾಬಿನಲ್ಲಿ ನನ್ನ ಕಾಲೇಜಿನ ಗೆಳೆಯನೊಬ್ಬ ಇದ್ದಾನೆ. ಅವನ ಯಂತ್ರ ಮೈಕ್ರೋವೇವ್ ಓವನ್ನಿನಷ್ಟು ದೊಡ್ಡದು. ಬೆಳಗ್ಗೆಯಿಂದ ಸಂಜೆವರೆಗೆ ಖಾರದಪುಡಿ, ಅರಿಶಿನ, ಔಷಧದ ಪುಡಿ ಅಂತ ಸ್ಯಾಂಪಲ್ ಮುಗಿಯೋದೇ ಇಲ್ಲ. 'ಡಬ್ಬಿ ಮೇಲೆ ಈ ನಂಬರ್ ಯಾಕೆ ಹಾಕಲ್ಲ ಮಾರಾಯ?' ಅಂತ ಕೇಳಿದೆ. 'ಯಾರು ಕೇಳ್ತಾರೆ?' ಅಂದ. ನನ್ನನ್ನೇ ನೋಡುತ್ತಾ, 'ನೀನು ಯಾವತ್ತಾದ್ರೂ ಅಂಗಡೀಲಿ ಕೇಳಿದೀಯಾ?'

ಅವನಿಂದ ತಿಳಿದದ್ದು, ಈ ನಂಬರಿಗೂ ಮೋಸ ಮಾಡಬಹುದು. ಗಾರ್ಡೇನಿಯಾ ಗಿಡದ ಹಣ್ಣಿನಲ್ಲೂ ಕ್ರೋಸಿನ್ ಇದೆ. ಅದರ ಸಾರವನ್ನು ಕಳಪೆ ಎಳೆಗೆ ಲೇಪಿಸಿದರೆ 440ರ ಅಳತೆ ಏರುತ್ತೆ. ಆಗ ಅಣುಗಳನ್ನು ಒಂದೊಂದಾಗಿ ಬೇರ್ಪಡಿಸುವ ಎಚ್‌ಪಿಎಲ್‌ಸಿ ಯಂತ್ರಕ್ಕೆ ಹಾಕಿ, ಗಾರ್ಡೇನಿಯಾದಲ್ಲಿ ಇರುವ, ಕೇಸರಿಯಲ್ಲಿ ಇರದ ಜೆನಿಪೊಸೈಡ್ ಅನ್ನುವ ಅಣುವನ್ನು ಹುಡುಕಬೇಕು. ಸಾಮಾನ್ಯ ಕಲಬೆರಕೆ ಇಷ್ಟು ಜಾಣತನದ್ದಲ್ಲ. ಬಣ್ಣ ಹಾಕಿದ ಮೆಕ್ಕೆಜೋಳದ ಕೂದಲು, ಅಥವಾ ಕುಸುಬೆ ಹೂವಿನ ಎಸಳು. ಕುಸುಬೆ ನಮ್ಮದೇ ಬೆಳೆ. ವಿಜಯಪುರ, ಕಲಬುರಗಿ, ಧಾರವಾಡ ಸೀಮೆಯ ಕಪ್ಪು ಮಣ್ಣಿನಲ್ಲಿ ಎಣ್ಣೆಗೆ ಬೆಳೆಯುತ್ತಾರೆ, ಅಣ್ಣಿಗೇರಿಯ ಹೆಸರಿನ ತಳಿಯೇ ಇದೆ. ಆ ಎಸಳು ಕುಸುಬೆ ಅಂತಲೇ ಮಾರಿದರೆ ಮರ್ಯಾದೆಯ ಪದಾರ್ಥ. ಕೇಸರಿ ಅಂತ ಮಾರಿದರೆ ಮೋಸ.

ಮನೆಯಲ್ಲಿ ಮಾಡಬಹುದಾದ ಪರೀಕ್ಷೆ ಒಂದೇ ನಿಮಿಷದ್ದಲ್ಲ, ಅದೇ ಅದರ ಗುಟ್ಟು. ಉಗುರುಬೆಚ್ಚಗಿನ ನೀರಿಗೆ ಎರಡು ಎಳೆ ಬಿಡಿ. ಅಸಲಿ ಕೇಸರಿ ನಿಧಾನವಾಗಿ, ಹತ್ತು ಹದಿನೈದು ನಿಮಿಷದಲ್ಲಿ ಹಳದಿ ಬಿಡುತ್ತೆ. ಎಳೆ ಕೆಂಪಾಗಿಯೇ ಉಳಿಯುತ್ತೆ. ಹಾಕಿದ ಕೂಡಲೇ ನೀರು ಕೆಂಪಾಗಿ ಎಳೆ ಬಿಳಿಚಿಕೊಂಡರೆ ಅದು ಡೈ. ಎಳೆಯ ಒಂದು ತುದಿ ಕಹಳೆಯ ಬಾಯಿಯಂತೆ ಅಗಲವಾಗಿರಬೇಕು. ಬೆಳಕು, ತೇವ ಎರಡೂ ಕ್ರೋಸಿನ್‌ನ ಶತ್ರುಗಳು. ಹಾಗಿದ್ದೂ ಅಂಗಡಿಯಲ್ಲಿ ಕೇಸರಿಯನ್ನು ಪಾರದರ್ಶಕ ಡಬ್ಬಿಯಲ್ಲಿ ಟ್ಯೂಬ್‌ಲೈಟಿನ ಕೆಳಗೆ ಇಟ್ಟಿರುತ್ತಾರೆ. ಪುಡಿ ಮಾಡಿದ್ದನ್ನು ಕೊಳ್ಳಲೇಬೇಡಿ.

ಇನ್ನು ಹೋಟೆಲಿನ ಕೇಸರಿಬಾತ್. ಅದರ ಹೆಸರಲ್ಲಿ ಕೇಸರಿ ಇದೆ, ತಟ್ಟೆಯಲ್ಲಿ ಸಾಮಾನ್ಯವಾಗಿ ಟಾರ್ಟ್ರಾಜಿನ್ ಅಥವಾ ಸನ್‌ಸೆಟ್ ಯೆಲ್ಲೊ. ಸಿಹಿತಿಂಡಿಯಲ್ಲಿ ಇವಕ್ಕೆ ಕಿಲೋಗೆ 100 ಮಿಲಿಗ್ರಾಂ ಮಿತಿಯೊಳಗೆ ಅನುಮತಿ ಇದೆ. ಮಿತಿ ಇದೆ ಅನ್ನೋದು ಬೇರೆ, ಅಳೆದು ಹಾಕ್ತಾರೆ ಅನ್ನೋದು ಬೇರೆ. 2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಗೋಬಿ ಮಂಚೂರಿ, ಬಾಂಬೆ ಮಿಠಾಯಿಗಳಲ್ಲಿ ಕೃತಕ ಬಣ್ಣ ನಿಷೇಧಿಸಿದಾಗ ಪರೀಕ್ಷಿಸಿದ್ದ 171 ಗೋಬಿ ಸ್ಯಾಂಪಲ್‌ಗಳ ಪೈಕಿ 107ರಲ್ಲಿ ಬಳಸಬಾರದ ಬಣ್ಣ ಸಿಕ್ಕಿತ್ತು. ಬಣ್ಣದ ವಿಷಯದಲ್ಲಿ ಅಳತೆ ಮಾಡಿದರೆ ಏನಾಗುತ್ತೆ ಅನ್ನೋದಕ್ಕೆ ಅದಕ್ಕಿಂತ ಒಳ್ಳೆ ಉದಾಹರಣೆ ಬೇಕಿಲ್ಲ.

ಬೆಳ್ಳಗಿನ ಮಗು

ಈಗ ಪೀಣ್ಯದ ಮೆಡಿಕಲ್ ಶಾಪಿನ ಆ ಅರ್ಧ ಗ್ರಾಂಗೆ ಬರೋಣ. ಮಗುವಿನ ಮೈಬಣ್ಣ ಅಪ್ಪ ಅಮ್ಮನಿಂದ ಬಂದ ಜೀನ್‌ಗಳಿಂದ ನಿರ್ಧಾರವಾಗುತ್ತೆ. ಅದರಲ್ಲಿ ಎಸ್‌ಎಲ್‌ಸಿ24ಎ5 ಅನ್ನುವ ಜೀನ್ ಮುಖ್ಯವಾದದ್ದು ಅಂತ 2005ರಲ್ಲಿ ಜೀಬ್ರಾ ಮೀನಿನ ಅಧ್ಯಯನದಿಂದ ಗೊತ್ತಾಯಿತು. ಹೈದರಾಬಾದಿನ ಸಿಸಿಎಂಬಿ ಸಂಶೋಧಕರು 2013ರಲ್ಲಿ ಭಾರತೀಯರಲ್ಲಿ ಅದರ ಪಾತ್ರವನ್ನು ತೋರಿಸಿದರು. ಗರ್ಭ ಕಟ್ಟಿದ ದಿನವೇ ಆ ಲೆಕ್ಕ ಮುಗಿದಿರುತ್ತೆ. ಐದನೇ ತಿಂಗಳಿನ ಹಾಲಿಗೆ ಹಾಕಿದ 9 ಮಿಲಿಗ್ರಾಂ ಕೇಸರಿಗೆ ಅದನ್ನು ತಿದ್ದುವ ದಾರಿಯೇ ಇಲ್ಲ.

ನಾಲ್ಕು ಎಳೆಯಿಂದ ಅಪಾಯವೂ ಇಲ್ಲ. ಆದರೆ ಗ್ರಾಂಗಟ್ಟಲೆ ಸೇವಿಸಿದರೆ ಇದೆ: ಹೆಚ್ಚು ಪ್ರಮಾಣದ ಕೇಸರಿ ಗರ್ಭಕೋಶವನ್ನು ಸಂಕೋಚನಕ್ಕೆ ಪ್ರಚೋದಿಸುತ್ತೆ. 5 ಗ್ರಾಂ ಮೀರಿದರೆ ಯಾರಿಗೇ ಆದರೂ ವಿಷ. ಹಾಗಾಗಿ ಬಸುರಿಯರಿಗೆ ಕೇಸರಿಯ ಕ್ಯಾಪ್ಸೂಲು ಡಾಕ್ಟರನ್ನು ಕೇಳದೆ ಬೇಡ.

ನನ್ನ ತಕರಾರು ಹಾಲಿನ ಮೇಲಲ್ಲ. ಹಾಲು ಕುಡಿಯಲಿ, ಪರಿಮಳ ಇಷ್ಟವಾದರೆ ಎಳೆಯೂ ಇರಲಿ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಗರ್ಭಿಣಿಯರಲ್ಲಿ ನೂರಕ್ಕೆ ಸುಮಾರು 45 ಜನರಿಗೆ ರಕ್ತಹೀನತೆ ಇದೆ. ಅದು ಬಾರದಂತೆ ತಡೆಯಲು ಬೇಕಾದ್ದು ದಿನಕ್ಕೆ 60 ಮಿಲಿಗ್ರಾಂ ಕಬ್ಬಿಣಾಂಶ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಇರುವ ಒಂದು ಮಾತ್ರೆ. ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ. 2017ರಿಂದ ಮಾತೃಪೂರ್ಣ ಯೋಜನೆಯಲ್ಲಿ ಅಂಗನವಾಡಿಯಲ್ಲಿ ಬಿಸಿಯೂಟವೂ ಇದೆ, ಆದರೆ ಮಧ್ಯಾಹ್ನ ಫ್ಯಾಕ್ಟರಿ ಲೈನಿನಲ್ಲಿ ಕೂತವಳು ಅಂಗನವಾಡಿಗೆ ಹೋಗಿ ಉಣ್ಣೋದು ಹೇಗೆ? ಆ ಪ್ರಶ್ನೆ ಸೀಮಂತದ ಮನೆಯಲ್ಲಿ ಏಳೋದಿಲ್ಲ. ಹಿಮೋಗ್ಲೋಬಿನ್ ಎಷ್ಟಿದೆ ಅಂತ ಕೇಳುವವರಿಗಿಂತ 'ಕೇಸರಿ ತಗೊಂಡ್ಯಾ?' ಅಂತ ಕೇಳುವವರೇ ಹೆಚ್ಚು. ಹೆಣ್ಣು ಹುಟ್ಟಿ ಕಪ್ಪಗಿದ್ದರೆ ನಾಳೆ ಕೊಡಬೇಕಾದ ವರದಕ್ಷಿಣೆಯ ಲೆಕ್ಕ ಆ ಪ್ರಶ್ನೆಯೊಳಗೆ ಅಡಗಿರುತ್ತೆ. ಅದನ್ನು ಅವಳ ಅಜ್ಞಾನ ಅಂತ ನಗುವವರು, ತಮ್ಮ ಬಾತ್‌ರೂಮಿನ ಶೆಲ್ಫಿನಲ್ಲಿರುವ 'ಬ್ರೈಟನಿಂಗ್' ಸೀರಮ್ಮಿನಲ್ಲಿ ಕೇಸರಿ ಎಷ್ಟಿದೆ ಅಂತ ಒಮ್ಮೆ ಓದಿ.

2020ರಲ್ಲಿ ಕೇಂದ್ರ ಸರ್ಕಾರ, ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಜಾಹೀರಾತಿನ 1954ರ ಕಾಯ್ದೆಗೆ ತಿದ್ದುಪಡಿಯ ಕರಡು ತಂದು, ಬೆಳ್ಳಗಾಗಿಸುವ ಭರವಸೆಯನ್ನೂ ನಿಷೇಧಿತ ಜಾಹೀರಾತುಗಳ ಪಟ್ಟಿಗೆ ಸೇರಿಸಲು ಹೊರಟಿತ್ತು. ಆಹಾರಕ್ಕೆ ಸಂಬಂಧಿಸಿದಂತೆ ಈಗಲೇ ಕಾನೂನು ಇದೆ. ಆಹಾರ ಸುರಕ್ಷತೆ ಕಾಯ್ದೆಯ 53ನೇ ಸೆಕ್ಷನ್ ಪ್ರಕಾರ ದಾರಿತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ ದಂಡ. ಅದೇ ಕಾಯ್ದೆಯ 40ನೇ ಸೆಕ್ಷನ್ ಹೆಚ್ಚು ಜನರಿಗೆ ಗೊತ್ತಿಲ್ಲ: ಕೊಂಡ ಆಹಾರವನ್ನು ಶುಲ್ಕ ಕಟ್ಟಿ ಸರ್ಕಾರಿ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸುವ ಹಕ್ಕು ಗ್ರಾಹಕರಿಗೆ ಇದೆ. ಕೊಳ್ಳುವಾಗಲೇ ಅಂಗಡಿಯವರಿಗೆ 'ಪರೀಕ್ಷೆಗೆ ಕಳಿಸ್ತೀನಿ' ಅಂತ ತಿಳಿಸಿರಬೇಕು. ಕಾಯ್ದೆಗೆ ತಕ್ಕಂತಿಲ್ಲ ಅಂತ ವರದಿ ಬಂದರೆ ಕಟ್ಟಿದ ಶುಲ್ಕ ವಾಪಸ್. ಒಬ್ಬರಿಗೆ ಅದು ದುಬಾರಿಯಾಗಬಹುದು. ಅಪಾರ್ಟ್‌ಮೆಂಟಿನ ಗ್ರೂಪಿನಲ್ಲೋ, ಫ್ಯಾಕ್ಟರಿಯ ಯೂನಿಯನ್ನಿನಲ್ಲೋ ಇಪ್ಪತ್ತು ಜನ ಸೇರಿದರೆ ದುಬಾರಿಯಲ್ಲ. ಬಿಲ್ ಮಾತ್ರ ಎತ್ತಿಟ್ಟುಕೊಳ್ಳಿ.